ಹದಿನೇಳರ ಮಗ್ಗಿ

ಇಂಡಿಯಿಂದ ಹೊರಟಾಗ ಬೆಳಗಿನ ಮೂರು ಗಂಟೆ. ಹೋಳಿ ಹುಣ್ಣಿಮೆಗೆ ಇನ್ನೂ ಐದು ದಿನ ಇತ್ತು. ಚಂದ್ರ ಪಡುವಣಕ್ಕೆ ಇಳಿದು ಲಿಂಬೆ ತೋಟಗಳ ಮೇಲೆ ಕೆಂಪಗೆ ನಿಂತಿದ್ದ. ಗೆಳೆಯ ರಸ್ತೆಯಂಚಿಗೆ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು ಓಡತೊಡಗಿದ. ನಾನು ಸೈಕಲ್ ಹತ್ತಿದೆ. ಕ್ಯಾರಿಯರಿನ ಚೀಲದಲ್ಲಿ ಆರು ಲೀಟರ್ ನೀರು, ಉಪ್ಪು, ಸಕ್ಕರೆ, ಎರಡು ಟವೆಲ್, ಶೇಂಗಾ ಚಿಕ್ಕಿ, ಒಂದು ಪಂಪು ಮತ್ತು ಮೂವತ್ತು ಲಿಂಬೆಹಣ್ಣು.

ಅವನು ಇಂಡಿ ಕಡೆಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಮುದ್ದೇಬಿಹಾಳದವನು. ಅವನ ತಾಯಿ ಇಪ್ಪತ್ತೆರಡು ವರ್ಷ ಬಿಡದೆ ಶ್ರೀಶೈಲಕ್ಕೆ ನಡೆದವರು. ಯುಗಾದಿಗೆ ಮುಂಚೆ ಈ ಸೀಮೆಯ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು, ನಲ್ಲಮಲೆಯ ಕಾಡು ಹೊಕ್ಕು, ಭೀಮನಕೊಳ್ಳ ಏರಿ ಹೋಗುತ್ತಾರಲ್ಲ, ಆ ದಾರಿಯಲ್ಲಿ. ಈ ವರ್ಷ ಅವರ ಮೊಣಕಾಲು ಒಲ್ಲೆ ಅಂದವು. ಮಗ ಹೇಳಿದ: ‘ಅವ್ವ ನಡದಷ್ಟು ನಡಿಯೂದು ನನ್ನ ಕೈಲೆ ಆಗಂಗಿಲ್ಲ. ಇಂಡಿಯಿಂದ ಮನಿಮಟಾ ಓಡ್ತೀನಿ. ನೀ ಜೋಡಿ ಇರು.’

ಅವನಿಗೆ ಓಟ ಹೊಸದಲ್ಲ. ವಿಜಯಪುರದಲ್ಲಿ ಡಿಸೆಂಬರಿನಲ್ಲಿ ನಡೆಯುವ ವೃಕ್ಷಥಾನ್‌ನಲ್ಲಿ 21 ಕಿ.ಮೀ. ಓಡಿದವನು. ಆದರೆ ಡಿಸೆಂಬರಿನ ವಿಜಯಪುರವೇ ಬೇರೆ, ಮಾರ್ಚಿನ ಎರೆ ಸೀಮೆಯೇ ಬೇರೆ. ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಆಗ ರಕ್ತದಲ್ಲಿ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದಕ್ಕಾಗಿ ಅವನು ಎರಡು ವಾರ ಸಾಲೆ ಬಿಟ್ಟ ಮೇಲೆ ನಾಲ್ಕೂವರೆಯ ಬಿಸಿಲಲ್ಲೇ ದಿನಾ ಓಡಿದ್ದ. ನಾನು ಅವನ ಜೊತೆ ಸೈಕಲ್ ತುಳಿದಿದ್ದೆ. ಒಂದು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ, ಮೇಲೆ ಲಿಂಬೆ ಹಿಂಡಿದ್ದು: ಇದೇ ನಮ್ಮ ಔಷಧ. ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಉಪ್ಪು ತೆಳುವಾಗಿ ಅದೂ ಜೀವಕ್ಕೆ ಕುತ್ತು. ಇಂಡಿಯ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ತೆಳು ಸಿಪ್ಪೆ, ಕೈತುಂಬ ರಸ. ಇದನ್ನು ಹಿಂಡಿಕೊಂಡು ದಾರಿ ಸಾಗಿಸುವುದು ನನಗಂತೂ ಹೆಮ್ಮೆ.

ನಮ್ಮ ನಡುವೆ ಇನ್ನೊಂದು ಕರಾರಿತ್ತು. ಐದೈದು ಕಿಲೋಮೀಟರಿಗೆ ನಾನು ‘ಹದಿನೇಳು’ ಅನ್ನಬೇಕು, ಅವನು ಹದಿನೇಳರ ಮಗ್ಗಿ ಹೇಳಬೇಕು. ಬಿಸಿಲು ತಲೆಗೆ ಏರಿದ್ದನ್ನು ಓಡುವವನು ತಾನೇ ತಿಳಿಯಲಾರ. ಒಳಗಿನ ತಾಪ 40 ಡಿಗ್ರಿ ದಾಟುವಾಗ ಮೊದಲು ಮಂಕಾಗುವುದು ಬುದ್ಧಿ. ಅದನ್ನು ಪಕ್ಕದವನೇ ಹಿಡಿಯಬೇಕು.

ಮೊದಲ ದಿನ ಸಿಂದಗಿಯವರೆಗೆ 50 ಕಿ.ಮೀ. ಹತ್ತಿರ. ತಾಂಬಾ ದಾಟುವಾಗ ಬೆಳಕು ಹರಿಯಿತು. ಬಿಳಿಜೋಳ ಕಿತ್ತು ಮಲಗಿಸಿದ ಹೊಲಗಳು, ಕುಸುಬಿಯ ಒಣ ಮುಳ್ಳು, ದೂರದಲ್ಲಿ ರಾಶಿಯಂತ್ರದ ಸದ್ದು. ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಮುದುಕ ಮೋಟರ್‌ಸೈಕಲ್ ನಿಧಾನಿಸಿ ಕೇಳಿದ: ‘ಯಾರ್‍ನ ಬೆನ್ನ ಹತ್ತೀರಿ ತಮ್ಮಾ?’ ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ಹತ್ತು ಮಾರು ಮುಂದೆ ತುಳಿಯುತ್ತಿದ್ದೆ, ಅವನು ನನ್ನ ಹಿಂದಿನ ಗಾಲಿ ನೋಡುತ್ತ ಬರುತ್ತಿದ್ದ. ಓಟದ ಜೊತೆಗಾರ ಅಂದರೆ ಮುಂದಿರುವವನು ಎಂದೇ ನಾನು ತಿಳಿದಿದ್ದೆ. 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ ಒಂದು ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ 42 ಕಿ.ಮೀ. ದಾಟಿದಾಗ 41 ಜನ ಸರದಿಯ ಮೇಲೆ ಅವನ ಸುತ್ತ ಓಡಿ ಗಾಳಿ ತಡೆದಿದ್ದರು. ಆ ಚಿತ್ರವೇ ನನ್ನ ತಲೆಯಲ್ಲಿತ್ತು. ಒಂಬತ್ತೂವರೆಗೆ ಸಿಂದಗಿ ಮುಟ್ಟಿದೆವು. ಮಗ್ಗಿ ಒಮ್ಮೆಯೂ ತಪ್ಪಿರಲಿಲ್ಲ.

ಎರಡನೆಯ ದಿನ ಚಿಕ್ಕದು, ದೇವರ ಹಿಪ್ಪರಗಿಯವರೆಗೆ. ಮಡಿವಾಳ ಮಾಚಯ್ಯನವರ ಊರು, 2018ರಲ್ಲಿ ತಾಲ್ಲೂಕಾಯಿತು. ಅಲ್ಲಿ ಇಡೀ ಮಧ್ಯಾಹ್ನ ಮಲಗಿದೆವು. ಸಂಜೆ ಓಣಿಯ ಹುಡುಗರು ಹೋಳಿಯ ಹಲಗೆ ಬಾರಿಸುತ್ತ ಬಂದರು. ಮಾಸ್ತರ ಒಬ್ಬನ ಕೈಯಿಂದ ಹಲಗೆ ಇಸಿದುಕೊಂಡು ತಾನೂ ಬಾರಿಸಿದ. ಅಂದು ರಾತ್ರಿ ಉಂಡದ್ದು ಖಡಕ್ ರೊಟ್ಟಿ, ಹೆಸರುಕಾಳಿನ ಪಲ್ಯೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮನೆ ಬಿಟ್ಟು ಬಂದಿದ್ದೇವೆ ಎಂದು ಅನ್ನಿಸಲಿಲ್ಲ.

ಮೂರನೆಯ ದಿನ ಬಸವನ ಬಾಗೇವಾಡಿಯ ಕಡೆ. ಎರಡು ತಾಸು ಚೆನ್ನಾಗಿ ಹೋಯಿತು. ಆಮೇಲೆ ನನ್ನ ಸೈಕಲ್ಲಿಗೆ ಜಾಲಿ ಮುಳ್ಳು ಚುಚ್ಚಿತು. ತೇಪೆ ಹಚ್ಚುವಷ್ಟರಲ್ಲಿ ಇನ್ನೊಂದು ಕಡೆ ಗಾಳಿ ಹೋಗುತ್ತಿತ್ತು. ಒಂದೂವರೆ ತಾಸು ಕಳೆದೆವು. ಮತ್ತೆ ಹೊರಟಾಗ ಬಿಸಿಲು ಏರಿತ್ತು. ಕಳೆದ ವೇಳೆ ಗಳಿಸೋಣ ಎಂದು ನಾನೇ ಜೋರಾಗಿ ತುಳಿದೆ. ಅವನು ನನ್ನ ಗಾಲಿಗೆ ಕಣ್ಣು ನೆಟ್ಟು ಜೋರಾಗಿ ಓಡಿದ. ಇದು ಪೂರ್ತಿ ನನ್ನ ತಪ್ಪು.

ಡೋಣಿ ನದಿಯ ಸೀಮೆ ಬಂತು. ಡೋಣಿ ತುಂಬಿ ಹರಿದ ವರ್ಷ ಓಣಿಯೆಲ್ಲ ಜೋಳ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಎರೆ ಮಣ್ಣಿನ ಕಸುವು ಅಂಥದ್ದು. ಆದರೆ ಮಾರ್ಚಿನಲ್ಲಿ ಆ ಕಪ್ಪು ನೆಲ ಕಾದ ಹಂಚು. ಕಣ್ಣು ಹಾಯಿಸಿದಷ್ಟೂ ಗಿಡದ ನೆರಳಿಲ್ಲ. ನಮ್ಮ ಕಡೆಯ ಬಿಸಿಲು ಒಣ ಬಿಸಿಲು. ಬೆವರು ಹನಿಯಾಗುವ ಮೊದಲೇ ಆರಿಹೋಗುತ್ತದೆ, ಬೆವರಿಲ್ಲ ಎಂದೇ ಓಡುವವನು ತಿಳಿಯುತ್ತಾನೆ. ಅವನ ನೀಲಿ ಅಂಗಿಯ ಬೆನ್ನ ಮೇಲೆ ಉಪ್ಪು ಬಿಳಿ ನಕ್ಷೆ ಬರೆದಿತ್ತು. ನಾನು ಅದನ್ನು ನೋಡಿದ್ದು ಆಮೇಲೆ, ಅವನು ಮಲಗಿದಾಗ. ಮುಂದೆ ಹೋಗುವವನಿಗೆ ಗೆಳೆಯನ ಬೆನ್ನು ಹೇಗೆ ಕಂಡೀತು?

‘ಹದಿನೇಳು’ ಅಂದೆ.

‘ಹದಿನೇಳೊಂದ್ಲೆ ಹದಿನೇಳ. ಹದಿನೇಳೆರಡ್ಲೆ ಮೂವತ್ನಾಕ. ಹದಿನೇಳ್ಮೂರ್ಲೆ ಐವತ್ತೊಂದ. ಹದಿನೇಳ್ನಾಕ್ಲೆ ಅರವತ್ತೆಂಟ. ಹದಿನೇಳೈದ್ಲೆ...’ ತಡೆದ. ‘ತೊಂಬತ್ತೈದ.’ ಮತ್ತೆ ಮೊದಲಿನಿಂದ ಸುರು ಮಾಡಿದ, ಮತ್ತೆ ತೊಂಬತ್ತೈದಕ್ಕೆ ನಿಂತ. ತಪ್ಪಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಸೈಕಲ್ಲನ್ನು ಅಡ್ಡ ಕೆಡವಿ ಅವನನ್ನು ಹಿಡಿದುಕೊಂಡೆ. ‘ಯಾಕ ಹಿಡೀತಿ, ಬಿಡಲೇ’ ಎಂದು ತಳ್ಳಿದ. ಕಾಲು ಫರ್ಲಾಂಗಿನಾಚೆ ಹೊಲದ ಬದುವಿಗೆ ಒಂದೇ ಒಂದು ಬೇವಿನ ಗಿಡ. ಅದರಡಿ ರಾಶಿಯ ಜನ ಬುತ್ತಿ ಬಿಚ್ಚಿದ್ದರು. ನಮ್ಮನ್ನು ಕಂಡು ಒಬ್ಬ ಮುದುಕಿ ಓಡಿಬಂದರು. ಡೋಣಿಯ ನೀರು ಸವಳು, ಕುಡಿಯಲು ಬಾರದು. ಅವರು ಮನೆಯಿಂದ ಎರಡು ಕೊಡ ತಂದಿದ್ದರು, ಆ ದಿನದ ದುಡಿಮೆಗೆ ಅಷ್ಟೇ. ಒಂದು ಕೊಡವನ್ನು ಹಿಂದುಮುಂದು ನೋಡದೆ ಅವನ ತಲೆ, ಕುತ್ತಿಗೆ, ಎದೆಯ ಮೇಲೆ ಸುರಿದರು. ‘ಅಂಗಿ ತಗೀರಿ, ಗಾಳಿ ಬೀಸ್ರಿ, ಸುಮ್ನ ಯಾಕ ನಿಂತೀರಿ’ ಎಂದು ನನ್ನನ್ನು ಗದರಿದರು. ಮೊದಲು ಮೈ ತಣಿಸು, ಆಮೇಲೆ ಸಾಗಿಸು ಎಂಬುದೇ ಬಿಸಿಲ ಹೊಡೆತದ ವೈದ್ಯ. ನಾನು ಪುಸ್ತಕದಲ್ಲಿ ಓದಿ ಮರೆತು ನಿಂತಿದ್ದನ್ನು ಆ ತಾಯಿ ಮಾಡಿ ತೋರಿಸಿದರು. ಒದ್ದೆ ಟವೆಲ್ ಹೊದಿಸಿ ಬೀಸಿದೆವು. ಹೊತ್ತಾದ ಮೇಲೆ ಅವನೇ ಮೆಲ್ಲಗೆ ‘ಎಂಬತ್ತೈದ’ ಅಂದ. ನನಗೆ ಅಳು ಬಂತು.

ಟಂಟಂ ಹಿಡಿದು ಬಾಗೇವಾಡಿಗೆ ಹೋದೆವು. ವೈದ್ಯರು ರಕ್ತ, ಮೂತ್ರ ನೋಡಿದರು, ಸಂಜೆಯವರೆಗೆ ಮಲಗಿಸಿಕೊಂಡರು, ನಾಳೆ ಓಡಕೂಡದು ಎಂದರು. ರಾತ್ರಿ ಅವನ ತಾಯಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ತಮ್ಮಾ, ನೀ ಮುಂದಿದ್ದ್ಯೋ ಹಿಂದಿದ್ದ್ಯೋ?’

ಮುಂದಿದ್ದೆ ಎಂದೆ.

‘ಮಲ್ಲಯ್ಯನ ದಾರ್‍ಯಾಗ ಹಂಗ ನಡಿಯಂಗಿಲ್ಲಪ್ಪಾ. ಯಾರ ಕಾಲು ಸೋತಿರ್ತಾವ ಅವ್ರನ್ನ ಮುಂದ ಬಿಡತೀವಿ. ಗಟ್ಟಿ ಇದ್ದವ್ರು ಹಿಂದ. ಬಿದ್ದರ ಹಿಡಿಯಾಕ ಮುಂದಿದ್ದವ್ಗ ಕಣ್ಣ ಎಲ್ಲಿರ್ತಾವ?’

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 2019ರಲ್ಲೇ ದೋಹಾದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಹೆಂಗಸರ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿಯಲ್ಲಿ ಓಡಿಸಿದರು. ಆದರೂ 68 ಜನರಲ್ಲಿ 28 ಜನ ಮುಗಿಸಲಾಗಲಿಲ್ಲ. ಗಾಳಿಯನ್ನು ಎದೆಯೊಡ್ಡಿ ತಡೆಯಬಹುದು. ಬಿಸಿಲಿಗೆ ಎದೆಯೊಡ್ಡಿ ಗೆಳೆಯನಿಗೆ ಏನು ಮಾಡಿಕೊಡಲು ಬಂದೀತು? ಹಿಂದಿನಿಂದ ಅವನ ಹೆಜ್ಜೆ, ಹೆಗಲು, ಅಂಗಿಯ ಉಪ್ಪು ನೋಡುತ್ತಿರಬಹುದು.

ವಿಶ್ರಾಂತಿಯ ದಿನ ಮೂಲ ನಂದೀಶ್ವರನ ಗುಡಿಗೆ ಹೋಗಿ, ಬಸವಣ್ಣನವರು ಹುಟ್ಟಿದ ಮನೆಯ ಸ್ಮಾರಕದಲ್ಲಿ ತಂಪು ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತೆವು. ಇಲ್ಲಿಂದಲೇ ಬಸ್ಸು ಹತ್ತೋಣ ಎಂದೆ. ಅವನು ಒಪ್ಪಲಿಲ್ಲ. ವೈದ್ಯರನ್ನು ಮತ್ತೆ ಕಂಡು, ಅವರು ಹೂಂ ಎಂದ ಮೇಲೆ, ಮರುದಿನ ನಸುಕಿನಲ್ಲಿ ಟಂಟಂನಲ್ಲಿ ಅದೇ ಬೇವಿನ ಗಿಡಕ್ಕೆ ಹೋಗಿ ಇಳಿದೆವು. ಎರಡು ತುಂಬಿದ ಕೊಡ ಒಯ್ದಿದ್ದೆವು. ರಾಶಿ ಮುಗಿದಿತ್ತು, ಜನ ಇರಲಿಲ್ಲ. ಕೊಡಗಳನ್ನು ಗಿಡದ ಬುಡಕ್ಕಿಟ್ಟು, ಅವುಗಳ ಬಾಯಿಗೆ ಬಟ್ಟೆ ಕಟ್ಟಿ ಹೊರಟೆವು. ಆ ದಿನ ಅವನು ಮುಂದೆ, ನಾನು ಹಿಂದೆ. ಒಂದು ಕಿಲೋಮೀಟರ್ ಓಡುವುದು, ಅರ್ಧ ನಡೆಯುವುದು. ಸೂರ್ಯ ಮೇಲೇರುವ ಮುಂಚೆ ಬಾಗೇವಾಡಿಗೆ ಬಂದುಬಿಟ್ಟೆವು.

ಹುಣ್ಣಿಮೆಯ ರಾತ್ರಿ ಎರಡಕ್ಕೇ ಎದ್ದು ಮುದ್ದೇಬಿಹಾಳದ ದಾರಿ ಹಿಡಿದೆವು. ಬೆಳದಿಂಗಳಲ್ಲಿ ಟಾರ್ಚು ಬೇಕಾಗಲಿಲ್ಲ. ಊರೂರಿಗೆ ಕಾಮಣ್ಣನನ್ನು ಸುಟ್ಟ ಬೂದಿ ಇನ್ನೂ ಹೊಗೆಯಾಡುತ್ತಿತ್ತು. ಢವಳಗಿಯ ಆಸುಪಾಸಿನಲ್ಲಿ ಕಂಬಿ ಹೊತ್ತವರ ಮೊದಲ ಗುಂಪು ಸಿಕ್ಕಿತು. ಬರಿಗಾಲು, ಹೆಗಲ ಮೇಲೆ ಕಂಬಳಿ, ಎಲ್ಲರಿಗಿಂತ ಮುಂದೆ ಕೋಲೂರಿಕೊಂಡು ಒಬ್ಬ ಅಜ್ಜ. ಮಾಸ್ತರ ಓಟ ಬಿಟ್ಟು ಅವರ ನಡಿಗೆಗೆ ಬಿದ್ದ. ನಾನೂ ಸೈಕಲ್ ಇಳಿದು ತಳ್ಳಿಕೊಂಡು ನಡೆದೆ. ನೀರಾವರಿಯ ಹೊಲಗಳ ಕಡೆಯಿಂದ ತಣ್ಣನೆ ಗಾಳಿ ಬಂತು. ನಾನು ಕೇಳುವ ಮೊದಲೇ ಅವನು ಹದಿನೇಳರ ಮಗ್ಗಿಯನ್ನು ಹತ್ತರವರೆಗೂ ಹೇಳಿ ಮುಗಿಸಿದ.

ಊರ ಹೊರಗೆ ಚಪ್ಪರ ಹಾಕಿದ್ದರು. ಮಜ್ಜಿಗೆಯ ದೊಡ್ಡ ಹಂಡೆ, ಕಾಲಿಗೆ ಹಚ್ಚಲು ಎಣ್ಣೆ, ಗುಳ್ಳೆಗೆ ಮುಲಾಮು. ಅವನ ತಾಯಿ ಕುರ್ಚಿಯ ಮೇಲೆ ಕುಳಿತು ಮಜ್ಜಿಗೆ ಹಾಕುತ್ತಿದ್ದರು. ಮಗ ಬಗ್ಗಿ ಕಾಲು ಮುಟ್ಟಿದ. ಅವರು ಅವನ ಅಂಗಿಯ ಬೆನ್ನ ಮೇಲೆ ಕೈಯಾಡಿಸಿ ಉಪ್ಪು ನೋಡಿದರು, ಒಂದು ಲೋಟ ಕೊಟ್ಟರು, ಮುಗಿದ ಮೇಲೆ ಇನ್ನೊಂದು ಕೊಟ್ಟರು. ಆಮೇಲೆ ಅವನು ಎಣ್ಣೆಯ ಬಟ್ಟಲು ಹಿಡಿದು ಕೂತ. ಕಾಲು ಚಾಚಿದವರು ಚಾಚಿದಂತೆ ತಿಕ್ಕುತ್ತ ಹೋದ.

ಗುಂಪು ಎದ್ದಿತು. ಹರೆಯದ ಹುಡುಗನೊಬ್ಬ ಕುಂಟುತ್ತ ಹಿಂದೆ ಉಳಿದಿದ್ದ. ‘ಏ ತಮ್ಮಾ, ಇಲ್ಲಿ ಬಾ’ ಎಂದು ಅವ್ವ ಕುರ್ಚಿ ಹಿಡಿದುಕೊಂಡು ಎದ್ದರು. ಅವನ ರಟ್ಟೆ ಹಿಡಿದು, ಕಂಬಿಯನ್ನೂ ದಾಟಿಸಿ, ಎಲ್ಲರ ಮುಂದೆ ಒಯ್ದು ನಿಲ್ಲಿಸಿದರು. ‘ಈಗ ನಡೀರಿ’ ಎಂದರು. ಗುಂಪು ಆ ಹುಡುಗನ ಕುಂಟು ನಡಿಗೆಯ ವೇಗಕ್ಕೆ ನಾಲತವಾಡದ ರಸ್ತೆಯತ್ತ ಹೊರಟಿತು.