ಪಾಯಾ ಹಿಡಿಯುವ ಕೆಲಸ

ಮೇ ತಿಂಗಳು, ಬಮ್ಮಿಗಟ್ಟಿಯ ಒಂದು ಹಳೆಯ ಹಂಚಿನ ಮನೆ. ಅಡಿಗೆಮನೆಯ ಹಿಂಗೋಡೆಗೆ ಕೈಯಿಟ್ಟು ನೋಡಿ. ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಮಾಡಿನವರೆಗೆ ಏರಿದೆ. ಒಳಗೆ ಬೆರಳು ಹೋಗುತ್ತದೆ. ಬಿರುಕಿಗೆ ಅಡ್ಡವಾಗಿ ಸಿಮೆಂಟಿನಲ್ಲಿ ಕೂರಿಸಿದ್ದ ಗಾಜಿನ ಪಟ್ಟಿ ಎರಡು ತುಂಡಾಗಿದೆ. ಅಂದರೆ ಗೋಡೆ ಇನ್ನೂ ಇಳಿಯುತ್ತಿದೆ.

ಹಿತ್ತಲಲ್ಲಿ ತೋಡಿದ ಕುಣಿಗೆ ಬಗ್ಗಿದರೆ ಕಾರಣ ಕಾಣುತ್ತದೆ. ಮನೆಯ ಮುಂಭಾಗ ಕೆಂಪು ಮಸಾರಿ ನೆಲದ ಮೇಲೆ ನಿಂತಿದೆ, ಹಿಂಭಾಗ ಕಪ್ಪು ಎರಿ ಮಣ್ಣಿನ ಮೇಲೆ. ಎರಿ ಮಳೆಗಾಲಕ್ಕೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ. ಮಸಾರಿ ಅಷ್ಟು ಅಲುಗುವುದಿಲ್ಲ. ಸಾಲದ್ದಕ್ಕೆ ಬಚ್ಚಲ ನೀರೂ ವರ್ಷಗಟ್ಟಲೆ ಇದೇ ಮೂಲೆಗೆ ಇಂಗಿದೆ. ಇನ್ನು ಹಳೆಯ ಪಾಯಾದ ಕೆಳಗೆ ತೋಡಿ, ಗಟ್ಟಿ ನೆಲದಿಂದ ಹೊಸ ಪಾಯಾ ಎಬ್ಬಿಸಿ ಗೋಡೆಯನ್ನು ಹಿಡಿಯಬೇಕು.

‘ಪೂರಾ ಒಮ್ಮೆಲೆ ಅಗದಬಿಡ್ರಲಾ, ಲಗೂ ಮುಗೀತೈತಿ’ ಎನ್ನುತ್ತಾಳೆ ಮನೆಯ ಅಜ್ಜಿ. ಗೌಂಡಿ ತಲೆಯಾಡಿಸುತ್ತಾನೆ: ‘ಹಂಗ ಮಾಡಿದ್ರ ಗ್ವಾಡಿ ಕುಂತಬಿಡತೈತ್ರಿ ಯವ್ವಾ.’

ಅವನ ಮಾತೇ ಸರಿ. ಮಾಡಿನ ಭಾರಕ್ಕೆ ಮರದ ಆನಿಕೆ ಕೊಟ್ಟ ಮೇಲೂ ಒಂದು ಸಲಕ್ಕೆ ಮೂರು-ನಾಲ್ಕು ಅಡಿ ಉದ್ದವಷ್ಟೇ ತೋಡಬೇಕು. ಅಕ್ಕಪಕ್ಕದ ಪಾಯಾ ಮುಟ್ಟದೆ ಬಿಟ್ಟರೆ ಗೋಡೆ ಅದರ ಮೇಲೆ ನಿಂತಿರುತ್ತದೆ. ಹಾರೆ ಕಪ್ಪು ಮಣ್ಣನ್ನು ದಾಟಿ ಗಟ್ಟಿ ಗರಸಿಗೆ ತಾಗಿದಾಗ ಸದ್ದೇ ಬದಲಾಗುತ್ತದೆ. ಕುಣಿಯಲ್ಲಿದ್ದವನು ತಲೆಯೆತ್ತಿ ನಗುತ್ತಾನೆ. ಅಲ್ಲಿಂದ ಕಾಂಕ್ರೀಟು ಮೇಲೇರುತ್ತದೆ, ಆದರೆ ಹಳೆಯ ಕಲ್ಲಿಗೆ ಎರಡು-ಮೂರು ಇಂಚು ಬಾಕಿಯಿರುವಾಗ ನಿಲ್ಲುತ್ತದೆ. ಅದು ಬಿಗಿದ ಮೇಲೆ, ಹಿಡಿಯಲ್ಲಿ ಉಂಡೆಯಾಗುವಷ್ಟೇ ತೇವದ ಗಾರೆಯನ್ನು ಆ ಸಂದಿಗೆ ತುರುಕಿ ಬಡಿಯುತ್ತಾರೆ. ಇಡೀ ಕೆಲಸದ ಜೀವ ಇಲ್ಲೇ ಇದೆ. ಸಂದಿ ಸಡಿಲಾಗಿ ಉಳಿದರೆ ಗೋಡೆ ಹೊಸ ಪಾಯಾದ ಮೇಲೆ ಕೂರಲು ಮತ್ತೆ ಇಳಿಯುತ್ತದೆ. ಗಾರೆ ಗಟ್ಟಿಯಾದ ಮೇಲೆಯೇ ಮುಂದಿನ ಕುಣಿ, ಅದೂ ಪಕ್ಕದ್ದಲ್ಲ, ದೂರದ್ದು.

ಕುಣಿ ಮುಚ್ಚಲು ಅಗೆದ ಎರಿಯನ್ನು ಬಳಸುವುದಿಲ್ಲ. ಗರಸು ಸುರಿದು, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿಯುತ್ತಾರೆ.

ನವಲಗುಂದ, ಅಣ್ಣಿಗೇರಿಯ ಕಡೆ ಎರಿ ಬಹಳ ಆಳಕ್ಕಿರುವಲ್ಲಿ ಹೊಸ ಮನೆ ಕಟ್ಟುವವರಿಗೆ ಬೇರೆ ದಾರಿಯಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳೇ ಆ ದಾರಿ. ಬುಡದ ಅಗಲ ಸಾಮಾನ್ಯವಾಗಿ ಕಂಬದ 2.5 ಪಟ್ಟು, ಮಳೆ-ಬಿಸಿಲಿನ ಆಟ ಮುಟ್ಟದ ಆಳಕ್ಕೆ ಇಳಿದು ಅವು ಮನೆಯನ್ನು ಹಿಡಿಯುತ್ತವೆ.

ನಿಮ್ಮ ಗೋಡೆಯಲ್ಲೂ ಓರೆ ಬಿರುಕು ಕಂಡರೆ ದಯವಿಟ್ಟು ಮೊದಲು ಗಿಲಾವು ಬಳಿಸಬೇಡಿ. ಬಚ್ಚಲ ನೀರು, ಸೂರಿನ ನೀರು ಎಲ್ಲಿ ಇಂಗುತ್ತಿದೆ ನೋಡಿ, ಅದನ್ನು ದೂರಕ್ಕೆ ತಿರುಗಿಸಿ. ಮುಂಗಾರಿಗೆ ಮುಂಚೆಯೇ ತಿಳಿದ ಎಂಜಿನಿಯರರನ್ನು ಕರೆಸಿ ಪಾಯಾ ತೋರಿಸಿ.