ಮಧುಗಿರಿ ಬೆಟ್ಟದ ಪಕ್ಕ ಹೋಗೋ ಫ್ಯಾನಿನ ವಿಮಾನ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ. ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲೂ ವಿಮಾನ ಇಳಿಯೋದಿಲ್ಲ. ಆದರೂ ನಮ್ಮ ಕಡೆಯವರಿಗೂ ವಿಮಾನಕ್ಕೂ ಹಳೇ ನಂಟು. ನಂಬಿಕೆ ಬರದಿದ್ದರೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದಿಂದ ಮುಂಬೈಗೆ ನೇರ ಗೆರೆ ಎಳೆದರೆ ಅದು ಮಧುಗಿರಿ ಮತ್ತು ಶಿರಾದ ನಡುವೆ ಹಾದುಹೋಗುತ್ತೆ. ದೇವನಹಳ್ಳಿಯಿಂದ ಹುಬ್ಬಳ್ಳಿಗೆ ಎಳೆದ ಗೆರೆ ಮಧುಗಿರಿ ಬೆಟ್ಟದ ಪಕ್ಕದಲ್ಲೇ ಸಾಗುತ್ತೆ. (ಸಾಫ್ಟ್‌ವೇರ್‌ನವರಿಗೆ ಭಾನುವಾರ ಇನ್ನೇನು ಕೆಲಸ ಅಂತೀರಾ?)

ಅಜ್ಜಿಗೆ ಈ ಗೆರೆ ಕಿವಿಯಿಂದಲೇ ಗೊತ್ತಿತ್ತು. ಮಿಡಿಗೇಶಿ ಕಡೆ ಕಡಲೆಕಾಯಿ ಕೀಳುವಾಗ ದೂರದಿಂದ ಗುಂಯ್ ಅಂತ ಸದ್ದು ಬಂದರೆ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡು ಮೇಲೆ ನೋಡೋರಂತೆ. ಈಗಿನ ಜೆಟ್‌ಗಳು ಮೂವತ್ತು ಸಾವಿರ ಅಡಿಯಲ್ಲಿ ಬಿಳಿ ಗೆರೆ ಬಿಟ್ಟು ಹೋಗ್ತವೆ, ಕತ್ತೆತ್ತುವಷ್ಟರಲ್ಲಿ ಇರೋದೇ ಇಲ್ಲ. ಆಗಿನ ಡಕೋಟ ಹಾಗಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರ್ ಚಿಲ್ಲರೆ ವೇಗ. ಒಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲವಾದ್ದರಿಂದ ತುಂಬ ಮೇಲೆ ಹೋಗುವ ಹಾಗೂ ಇರಲಿಲ್ಲ. "ಫ್ಯಾನ್ ಇರೋ ಇಮಾನ, ನಿಧಾನಕ್ಕೆ ಹೋಗೋದು, ಕೈ ಬೀಸೋಕೆ ಟೈಮ್ ಕೊಡೋದು" ಅಂತಾಳೆ ಅಜ್ಜಿ.

ಆ ಫ್ಯಾನುಗಳನ್ನು ಬಿಚ್ಚಿ ಜೋಡಿಸೋದು ಅಜ್ಜನ ಕೆಲಸ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ ಕಾರ್ಖಾನೆ, ಯುದ್ಧ ಕಾಲದಲ್ಲಿ ಅಮೆರಿಕದ ವಾಯುಪಡೆಯ ರಿಪೇರಿ ಶೆಡ್ಡೇ ಆಗಿಹೋಗಿತ್ತು. ಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಡಕೋಟಗಳನ್ನು ಅಲ್ಲೇ ದುರಸ್ತಿ ಮಾಡಿ ಪ್ರಯಾಣಿಕರ ಕಂಪನಿಗಳಿಗೆ ಕೊಟ್ಟರು. 1953ರಲ್ಲಿ ಎಂಟು ಖಾಸಗಿ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದಾಗ ಅದರ ಪಾಲಿಗೆ ಬಂದದ್ದು ಎಪ್ಪತ್ತಕ್ಕೂ ಹೆಚ್ಚು ಡಕೋಟ. ಸುಮಾರು ಅದೇ ಹೊತ್ತಿಗೆ ಅಜ್ಜ ಕೆಲಸಕ್ಕೆ ಸೇರಿದ್ದು. ಒಂದೊಂದು ಎಂಜಿನ್‌ಗೆ ಹದಿನಾಲ್ಕು ಸಿಲಿಂಡರ್, ಎರಡು ಸಾಲಲ್ಲಿ ಹೂವಿನ ದಳದ ಹಾಗೆ. ಡಕೋಟಕ್ಕೆ ಬಾಲದ ಕೆಳಗೊಂದು ಪುಟ್ಟ ಚಕ್ರ. ನೆಲದ ಮೇಲೆ ನಿಂತಾಗ ಮೂಗು ಮೇಲೆ, ಬಾಲ ಕೆಳಗೆ. ಹಿಂದಿನ ಬಾಗಿಲಲ್ಲಿ ಹತ್ತಿದ ಪ್ರಯಾಣಿಕ ತನ್ನ ಸೀಟಿಗೆ ಮಧುಗಿರಿ ಬೆಟ್ಟ ಹತ್ತಿದ ಹಾಗೆ ಹತ್ತಿಕೊಂಡೇ ಹೋಗಬೇಕು! ಅಜ್ಜ ಇದನ್ನು ನಡೆದು ತೋರಿಸುತ್ತಿದ್ದ.

ಆದರೆ ಅಜ್ಜ ಸ್ಪಾನರ್ ಹಿಡಿದು ಹತ್ತಿದ್ದೇ ಹೊರತು ಟಿಕೆಟ್ ಹಿಡಿದು ಹತ್ತಲಿಲ್ಲ.

ಅದಕ್ಕೇ ನನಗೆ "ವಿಮಾನಯಾನದ ಸುವರ್ಣಯುಗ" ಅನ್ನೋ ಮಾತು ಕೇಳಿದರೆ ಸ್ವಲ್ಪ ಮುಜುಗರ. ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮೆಂಟು, ಗಗನಸಖಿಯ ಉಪಚಾರ, ಆಮೇಲೆ ಬಂದ ವೈಕೌಂಟ್‌ನ ದೊಡ್ಡ ಅಂಡಾಕಾರದ ಕಿಟಕಿ, ಎಲ್ಲ ಚೆಂದವೇ. ಫೋಟೊ ನೋಡಿದರೆ ನನಗೂ ಆಸೆ ಆಗುತ್ತೆ. ಆದರೆ ಅದು ಒಳಗೆ ಕೂತವರ ನೆನಪು. ನಮ್ಮ ನಾಲ್ಕು ತಾಲ್ಲೂಕಿಗೆ ಇರೋದು ಕೆಳಗೆ ನಿಂತು ಕೈ ಬೀಸಿದವರ ನೆನಪು. ನಮ್ಮಂಥವರಿಗೆ ಬಾಗಿಲು ತೆರೆದದ್ದು 2003ರಲ್ಲಿ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿ ಎಟಿಆರ್ ವಿಮಾನಗಳನ್ನು ಸಣ್ಣ ಊರುಗಳಿಗೆ ಹಾರಿಸಿದಾಗ. ಅವೂ ಫ್ಯಾನಿನ ವಿಮಾನಗಳೇ ನೋಡಿ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಜ್ಜಿಯನ್ನು ಹುಬ್ಬಳ್ಳಿಗೆ ಎಟಿಆರ್ 72ರಲ್ಲಿ ಕರೆದುಕೊಂಡು ಹೋದೆ, ನೆಂಟರ ಮದುವೆ ನೆಪ. ರೆಕ್ಕೆ ಕಿಟಕಿಗಿಂತ ಮೇಲಿರೋದರಿಂದ ನೆಲ ಚೆನ್ನಾಗಿ ಕಾಣುತ್ತೆ. ನೀವು ಹೋದರೆ ಬಲಗಡೆ ಸೀಟು ಕೇಳಿ. ಬಸ್ಸಲ್ಲಿ ಎರಡೂವರೆ ಗಂಟೆ ಹಿಡಿಯೋ ಮಧುಗಿರಿ, ಮೇಲೇರಿದ ಹತ್ತು ಹನ್ನೆರಡು ನಿಮಿಷಕ್ಕೇ ಬಂತು. ಇಡೀ ಏಕಶಿಲೆ ಬೆಟ್ಟ ಬೆಲ್ಲದ ಅಚ್ಚಿನ ಹಾಗೆ ಕೂತಿತ್ತು. ಅಜ್ಜಿ ಕಿಟಕಿಗೆ ಹಣೆ ಒತ್ತಿ ತನ್ನ ಹೊಲ ಹುಡುಕಿದಳು. ಸಿಗಲಿಲ್ಲ. ಬದಲಿಗೆ ಇನ್ನೂ ದೂರದಲ್ಲಿ, ಪಾವಗಡದ ಆಚೆ, ಬೂದು ನೀಲಿ ಪಟ್ಟಿಯೊಂದು ಮಿಂಚಿತು.

"ಪಾವಗಡದಾಗೆ ಅಷ್ಟು ದೊಡ್ಡ ಕೆರೆ ಯಾವಾಗ ಕಟ್ಟಿದ್ರೋ?"

ಕೆರೆ ಅಲ್ಲಜ್ಜಿ, ತಿರುಮಣಿಯ ಸೋಲಾರ್ ಪಾರ್ಕು, ಹದಿಮೂರು ಸಾವಿರ ಎಕರೆ, ಐದು ಊರಿನ ಜಮೀನು ಗುತ್ತಿಗೆಗೆ ತಗೊಂಡಿದಾರೆ, ಎರಡು ಸಾವಿರ ಮೆಗಾವ್ಯಾಟ್ ಕರೆಂಟು ಅಂತೆಲ್ಲ ವಿವರಿಸಿದೆ. ಬರಗಾಲದ ಸೀಮೆಯಲ್ಲಿ ಹುಟ್ಟಿ ಬೆಳೆದ ಅಜ್ಜಿಗೆ ಮೆಗಾವ್ಯಾಟ್ ಏನೂ ಅನ್ನಿಸಲಿಲ್ಲ. "ನೀರಲ್ವಾ ಹಂಗಾರೆ" ಅಂದು ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು ಎಂಜಿನ್ ಕಡೆ ಬೆರಳು ತೋರಿಸಿ, "ಇದ್ರೊಳಗೂ ಹದಿನಾಕು ಇರ್ತಾವಾ?" ಅಂತ ಕೇಳಿದಳು. ಇಲ್ಲ, ಇದು ಟರ್ಬೈನು, ಸಿಲಿಂಡರೇ ಇಲ್ಲ ಅಂದೆ. "ಹಂಗಾದ್ರೆ ನಿಮ್ಮಜ್ಜಂಗೆ ಇಲ್ಲೇನು ಕೆಲ್ಸ ಇರ್ತಿರ್ಲಿಲ್ಲ ಬಿಡು. ಆರಾಮಾಗಿ ಕೂತ್ಕೊಂಡು ಬರ್ಬೋದಿತ್ತು" ಅಂದಳು.

ಈಗ ಶಿರಾ ಹತ್ತಿರ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಬರಲಿ ಅಂತ ನಮ್ಮ ಕಡೆ ಬೇಡಿಕೆ ಇದೆ. ಬಂದರೆ ನನಗಂತೂ ಖುಷಿ, ಹಬ್ಬಕ್ಕೆ ಊರಿಗೆ ಬರೋದು ಸಲೀಸು. ಅಜ್ಜಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಯಾರ ಹೊಲದ ಮೇಲೆ?"