ಅವ್ವನ ಟ್ರಂಕಿನ ಕೀಲಿಕೈ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನ ಕೀಲಿಕೈ ಸಿಗಲೇ ಇಲ್ಲ. ಒಡೆಸಿಬಿಡು ಅಂದ ತಮ್ಮ. ಮನಸ್ಸಾಗಲಿಲ್ಲ. ಭೋರ್ ಪೇಟೆಯ ಕೀಲಿ ರಿಪೇರಿ ಅಜ್ಜನಿಗೆ ನನ್ನ ಅರೆಬರೆ ಮರಾಠಿಯಲ್ಲಿ, "ಕೀಲಿ ತಂದೀನಿ, ತೆಗೆದುಕೊಡಿ" ಅಂದೆ.

"ಕಿಲ್ಲಿ ತಂದಿದ್ದರೆ ನಾನ್ಯಾಕೆ ಬೇಕು?" ಅಂತ ನಕ್ಕರು. ಧಾರವಾಡದ ನಮಗೆ ಕೀಲಿ ಅಂದರೆ ಬೀಗ. ಇಲ್ಲಿ ಬೀಗ ಕುಲೂಪ್, ಅದರ ಕೈ ಕಿಲ್ಲಿ. ಇಷ್ಟು ವರ್ಷವಾದರೂ ಬಾಯಿ ತಪ್ಪುತ್ತದೆ!

ಹಲ್ಲಿಲ್ಲದ ಕೈಯೊಂದನ್ನು ದೀಪದ ಮಸಿಗೆ ಹಿಡಿದು, ಬೀಗಕ್ಕೆ ಹಾಕಿ ತಿರುವಿ, ಗೀರು ಬಿದ್ದಲ್ಲಿ ಅರದಿಂದ ಉಜ್ಜಿದರು. ಮತ್ತೆ ಮಸಿ, ಮತ್ತೆ ಅರ. ಆರೇಳು ಸಲವಾದ ಮೇಲೆ ಟಕ್ಕೆಂದಿತು.

ಎರಡು ಇಳಕಲ್ ಸೀರೆ, ಅಡಿಯಲ್ಲಿ ಗಂಟು ಕಟ್ಟಿದ ಕರವಸ್ತ್ರ. ಬಿಚ್ಚಿದರೆ ಧಾರವಾಡದ ಮನೆಯ ಕೀಲಿಕೈ. ಆ ಮನೆ ಮಾರಿ 11 ವರ್ಷ. ಎಲ್ಲಾ ಕೈ ಕೊಟ್ಟುಬಿಟ್ಟೆ ಅಂದಿದ್ದಳು ಅವ್ವ. ಕೊಂಡವರು ಬೀಗ ಯಾವಾಗಲೋ ಬದಲಿಸಿರಬೇಕು.